ಕದ್ರಿ ಪಾರ್ಕಿನ ಸಂಗೀತ, ದೊಡ್ಡಜ್ಜಿಯ ಕಿಟಕಿ

ಮಂಗಳೂರು ನೋಡಲು ಬಂದ ನೆಂಟರನ್ನು ನಾನು ಮೊದಲು ಕರೆದುಕೊಂಡು ಹೋಗುವುದು ಕದ್ರಿಗೆ. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ, ಅದನ್ನು ಸಂಜೆ ನೋಡಬಹುದು. ಬೆಳಿಗ್ಗೆ ಮಂಜುನಾಥ ದೇವಸ್ಥಾನ, ಅಲ್ಲಿಯ ಕಂಚಿನ ಲೋಕೇಶ್ವರ. ಅದು ಆಳುಪ ಅರಸ ಕುಂದವರ್ಮನ ಕಾಲದ್ದು, ಕ್ರಿ.ಶ. 968ರದು. ಸಾವಿರ ವರ್ಷ ದಾಟಿದ ಆ ಮುಖದ ಎದುರು ನಿಂತರೆ ಗಲಾಟೆಯ ಮಕ್ಕಳೂ ಒಂದು ನಿಮಿಷ ಸುಮ್ಮನಾಗುತ್ತಾರೆ. ಆಮೇಲೆ ಕೆರೆಗಳು, ಮೆಟ್ಟಿಲು, ಗುಡ್ಡದ ಮೇಲಿನ ಜೋಗಿ ಮಠ. ಅಷ್ಟರಲ್ಲಿ ಮಕ್ಕಳ ಕಾಲು ಸೋತಿರುತ್ತದೆ. "ಪಾರ್ಕಿಗೆ ಯಾವಾಗ ಹೋಗುವುದು?" ಎಂಬ ರಾಗ ಶುರುವಾಗಿರುತ್ತದೆ.

ಕದ್ರಿ ಪಾರ್ಕ್ ಅಂದರೆ ನಮ್ಮ ಊರಿನ ಎರಡು ಮೂರು ತಲೆಮಾರಿನ ಮಕ್ಕಳಿಗೆ ಪುಟಾಣಿ ರೈಲು. ನನ್ನ ಮಗ ಸಣ್ಣವನಿದ್ದಾಗ ಅಲ್ಲಿ ಜಿಂಕೆಗಳೂ ಇದ್ದವು. ಆಮೇಲೆ ಅವು ಪಿಲಿಕುಳಕ್ಕೆ ಹೋದವು. 2018ರಲ್ಲಿ ಸಂಗೀತ ಕಾರಂಜಿ ಬಂತು. ಪಾರ್ಕಿನ ಹತ್ತಿರವೇ ಆಕಾಶವಾಣಿ, 1976ರ ಡಿಸೆಂಬರಿನಲ್ಲಿ ಶುರುವಾದದ್ದು. ಹಾಗಾಗಿ ಈ ಗುಡ್ಡಕ್ಕೆ ಸಂಗೀತ ಹೊಸತಲ್ಲ. ಕರಾವಳಿ ಉತ್ಸವ ನಡೆದರೆ ಪಾರ್ಕಿನಲ್ಲೂ ಒಂದು ವೇದಿಕೆ ಏಳುತ್ತದೆ. ಗಣರಾಜ್ಯೋತ್ಸವದ ಹೊತ್ತಿಗೆ ಫಲಪುಷ್ಪ ಪ್ರದರ್ಶನ, ಜನವೋ ಜನ.

ಇದೆಲ್ಲ ನೋಡಲು ಬರುವವರ ಪಾರ್ಕ್. ನಮ್ಮದು ಅದರ ಹಿಂದಿನ ಓಣಿ. ಪಾರ್ಕಿನ ಮರಗಳ ಎಲೆ ನಮ್ಮ ಅಂಗಳಕ್ಕೆ ಬೀಳುತ್ತದೆ, ಪಾರ್ಕಿನ ಶಬ್ದ ನಮ್ಮ ಮನೆಯೊಳಗೆ ಬರುತ್ತದೆ.

ಕೆಲವು ವರ್ಷದ ಹಿಂದಿನ ಮಾತು. ಡಿಸೆಂಬರಿನ ಕೊನೆಯಲ್ಲಿ ಪಾರ್ಕಿನಲ್ಲಿ ಮೂರು ಸಂಜೆಯ ಸಂಗೀತ ಹಬ್ಬ ಇಟ್ಟಿದ್ದರು. ಬೆಂಗಳೂರಿನಿಂದ ಮೊಮ್ಮಗಳು ಕ್ರಿಸ್‌ಮಸ್ ರಜೆಗೆ ಬಂದಿದ್ದಳು, ಆಗ ಆರನೇ ಕ್ಲಾಸು. ಮೊದಲ ದಿನ ನನಗೆ ಶೀತ, ನಾವು ಹೋಗಲಿಲ್ಲ. ಮನೆಯಲ್ಲಿ ಕೂತೇ ಕೇಳಿದೆವು. ಕೇಳಿದೆವು ಅಂತ ಹೇಳುವುದು ಸರಿಯಲ್ಲ. ಹಾಡು ಸರಿಯಾಗಿ ಕೇಳುತ್ತಿರಲಿಲ್ಲ, ಧಂ ಧಂ ಮಾತ್ರ ಬರುತ್ತಿತ್ತು. ಶೋಕೇಸಿನ ಗಾಜು ಗಿಲಿಗಿಲಿ ಅಂತಿತ್ತು. ಹತ್ತು ಗಂಟೆ ಆಯಿತು, ಹತ್ತೂವರೆ ಆಯಿತು. ಎದುರು ಮನೆಯ ಹುಡುಗಿಗೆ ಎರಡು ತಿಂಗಳ ಮಗು. ಅವಳು ಮಗುವನ್ನು ಎತ್ತಿಕೊಂಡು ಜಗಲಿಯಲ್ಲಿ ಆ ಕಡೆ ಈ ಕಡೆ ನಡೆಯುವುದು ನಮ್ಮ ಕಿಟಕಿಯಿಂದ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ಪಾರ್ಕಿನಲ್ಲಿ ವಾಕಿಂಗ್‌ನವರ ಸಭೆಯೇ ಸೇರಿತು. ನಾವು ಏಳೆಂಟು ಮಂದಿ ದಿನಾ ನಡೆಯುವವರು. ನಡೆಯುವುದಕ್ಕಿಂತ ಕಲ್ಲುಬೆಂಚಿನಲ್ಲಿ ಕೂರುವುದೇ ಜಾಸ್ತಿ. ಅಂದು ಹುಲ್ಲಿನ ತುಂಬ ಕಾಗದದ ಕಪ್ಪು, ಚರುಮುರಿಯ ಪೊಟ್ಟಣ.

"ಇದು ಪಾರ್ಕಾ ಸಂತೆಯಾ ಮಾರಾಯ್ರೆ? ನಿನ್ನೆ ಸಂಜೆ ಮರಕ್ಕೆ ಬಂದ ಹಕ್ಕಿಗಳೆಲ್ಲ ಹಾರಿ ಹೋದವು" ಎಂದು ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಸಿಡುಕಿದರು.

"ವರ್ಷಕ್ಕೆ ಮೂರು ದಿನ ಅಲ್ವಾ, ಮಕ್ಕಳಿಗೂ ಏನಾದರೂ ಬೇಡವಾ? ಇಲ್ಲದಿದ್ದರೆ ಅವು ಮಾಲ್‌ಗೆ ಹೋಗಿ ಕೂರುತ್ತವೆ" ಎಂದರು ಇನ್ನೊಬ್ಬರು.

"ಇಡೀ ರಾತ್ರಿ ಚೆಂಡೆ ಕೇಳಿ ಬೆಳೆದವರು ನಾವು. ಆಗ ಯಾರಿಗೂ ನಿದ್ದೆ ಹಾಳಾಗಲಿಲ್ಲ" ಎಂದರು ಮೂರನೆಯವರು.

ಆ ಮಾತಿಗೆ ನಾನು ಥಟ್ಟನೆ ಉತ್ತರ ಕೊಡಲಿಲ್ಲ. ಆಟ ಅಂದರೆ ನನಗೂ ಪ್ರಾಣ. ಯಕ್ಷಗಾನವನ್ನು ನಾವು ಇಲ್ಲಿ ಆಟ ಅಂತಲೇ ಹೇಳುವುದು. ಈ ಶಬ್ದದ ನಿಯಮಗಳಿಂದಾಗಿಯೇ 2022ರಲ್ಲಿ ಕಟೀಲಿನ ಮೇಳಗಳು ಇಡೀ ರಾತ್ರಿಯ ಆಟ ಬಿಟ್ಟು ಕಾಲಮಿತಿಗೆ ಬಂದಾಗ ಊರೂರಲ್ಲಿ ಎಷ್ಟು ಚರ್ಚೆ ನಡೆಯಿತು ಎಂದು ಓದುಗರಾದ ಅಜ್ಜ ಅಜ್ಜಿಯರಿಗೆ ನೆನಪಿರಬಹುದು. ನಾನು ಆಗ ಬೇಸರ ಪಟ್ಟವರ ಸಾಲಿನಲ್ಲಿದ್ದೆ. ನನಗೆ ಇಷ್ಟವಾದ ಶಬ್ದಕ್ಕೆ ಒಂದು ನಿಯಮ, ಬೇರೆಯವರಿಗೆ ಇಷ್ಟವಾದ ಶಬ್ದಕ್ಕೆ ಇನ್ನೊಂದು ನಿಯಮ ಅಂತ ಹೇಳಲಿಕ್ಕೆ ಆಗುತ್ತದಾ? ಆದರೂ ಎದುರು ಮನೆಯ ಮಗು ಕಣ್ಣ ಮುಂದೆ ಇತ್ತು. ಆಯೋಜಕರಿಗೆ ಒಂದು ಕಾಗದ ಬರೆಯುವುದು ಎಂದು ತೀರ್ಮಾನವಾಯಿತು. ಬರೆಯುವ ಕೆಲಸ ಯಥಾಪ್ರಕಾರ ನನ್ನ ತಲೆಗೆ ಬಂತು. ಮೇಷ್ಟ್ರ ಕೆಲಸದಿಂದ ನಿವೃತ್ತಿ ಉಂಟು, ಅರ್ಜಿ ಬರೆಯುವುದರಿಂದ ಇಲ್ಲ.

ನಿಯಮ ಏನು ಎಂದು ಮೊಮ್ಮಗಳು ಕೇಳಿದಳು, ಹೇಳಿದೆ. ಶಬ್ದಮಾಲಿನ್ಯದ ನಿಯಮಗಳು ಬಂದದ್ದು 2000ದಲ್ಲಿ. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗಾಗಿ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ, ರಾತ್ರಿ 12ರ ತನಕ ಸಡಿಲಿಕೆ ಕೊಡಬಹುದು. ಮನೆಗಳಿರುವ ಜಾಗದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ನಾವು ಇಬ್ಬರು ಎದುರೆದುರು ಕೂತು ಮಾತಾಡುವುದೇ ಸುಮಾರು 60 ಆಗುತ್ತದೆ ಎಂದಾಗ ಅವಳಿಗೆ ನಗು. "ಹಾಗಾದರೆ ಅಜ್ಜ, ನೀವು ಫೋನಿನಲ್ಲಿ ಮಾತಾಡುವುದು?" ಎಂದಳು. ಅದಕ್ಕೆ ಉತ್ತರ ಕೊಡುವ ಅಗತ್ಯ ನನಗೆ ಕಾಣಲಿಲ್ಲ.

ಸಹಿ ಹಾಕಿಸಲು ಓಣಿಯ ಮನೆಮನೆಗೆ ಹೊರಟೆವು. ಎದುರು ಮನೆಯ ಹುಡುಗಿ ಮಗುವನ್ನು ತೊಡೆಯಲ್ಲಿಟ್ಟುಕೊಂಡೇ ಸಹಿ ಹಾಕಿದಳು. ಮೂಲೆಯ ಮನೆಯ ಕಾಲೇಜು ಹುಡುಗ ಹಾಕಲಿಲ್ಲ. "ಅಂಕಲ್, ನನ್ನ ದೋಸ್ತಿಯದ್ದು ನಾಳೆ ಪ್ರೋಗ್ರಾಂ ಉಂಟು, ನಾನು ಹೇಗೆ ಹಾಕುವುದು?" ಅವನ ಮಾತಿನಲ್ಲೂ ನ್ಯಾಯವಿತ್ತು.

ಆಚೆ ಮನೆಗೆ ಹೋದಾಗ ಮಗ ಬಾಗಿಲಲ್ಲೇ ಸಹಿ ಹಾಕಿ, "ಅಮ್ಮನಿಗೆ ಭಾರಿ ಕಷ್ಟವಾಗ್ತಾ ಉಂಟು, ಕಿಟಕಿ ಎಲ್ಲ ಮುಚ್ಚಿಟ್ಟಿದ್ದೇವೆ" ಎಂದ. ಅವನ ತಾಯಿಗೆ 86 ವರ್ಷ. ಸೊಂಟದ ಮೂಳೆ ಮುರಿದು ಮೂರು ತಿಂಗಳಿಂದ ಮಂಚದಲ್ಲಿ. ಓಣಿಯ ಮಕ್ಕಳೆಲ್ಲ ಅವರನ್ನು ದೊಡ್ಡಜ್ಜಿ ಅನ್ನುತ್ತಾರೆ. ಮೊಮ್ಮಗಳು ನನ್ನ ಕೈ ಬಿಟ್ಟು ಒಳಗೆ ನುಗ್ಗಿದಳು. ಸ್ವಲ್ಪ ಹೊತ್ತಿಗೆ ಕೋಣೆಯಿಂದಲೇ ಕೂಗಿದಳು.

"ಅಜ್ಜಾ, ದೊಡ್ಡಜ್ಜಿ ಕಿಟಕಿ ತೆಗೀಲಿಕ್ಕೆ ಹೇಳ್ತಿದ್ದಾರೆ!"

ನಾವು ಒಳಗೆ ಹೋದೆವು. ದೊಡ್ಡಜ್ಜಿ ಮಗನನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ಮಾಷ್ಟ್ರೇ, ಇವತ್ತು ಸ್ಯಾಕ್ಸೋಫೋನ್ ಉಂಟಂತೆ, ಪೇಪರಿನಲ್ಲಿ ಇತ್ತು. ನನ್ನನ್ನು ಅಲ್ಲಿಗೆ ಹೊತ್ತುಕೊಂಡು ಹೋಗಲಿಕ್ಕೆ ಆಗುತ್ತದಾ? ಇಲ್ಲ. ಕಿಟಕಿಯಾದರೂ ಬೇಡವಾ?"

ಮಗ ನೆಲ ನೋಡಿದ. ನಾನೂ ನೋಡಿದೆ. ಕಾಗದದಲ್ಲಿ ನಾನು 'ಹಾಸಿಗೆ ಹಿಡಿದ ವೃದ್ಧರಿಗೆ ತೀವ್ರ ತೊಂದರೆ' ಎಂದು ಬರೆದಿದ್ದೆ. ಆ ವೃದ್ಧರು ಇವರೇ. ಇವರನ್ನು ನಾವು ಯಾರೂ ಕೇಳಿರಲಿಲ್ಲ.

ದೊಡ್ಡಜ್ಜಿಯ ಸ್ಯಾಕ್ಸೋಫೋನ್ ಪ್ರೀತಿಗೆ ಕಾರಣ ಉಂಟು. ಈ ವಾದ್ಯವನ್ನು ಮಾಡಿದವನು ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್, ಅದಕ್ಕೆ ಪೇಟೆಂಟ್ ಸಿಕ್ಕಿದ್ದು 1846ರಲ್ಲಿ. ಅದನ್ನು ನಮ್ಮ ಕಡೆಯ ಮನೆಮಾತಾಗಿ ಮಾಡಿದವರು ಕದ್ರಿ ಗೋಪಾಲನಾಥರು. ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ. ತಂದೆ ನಾಗಸ್ವರ ನುಡಿಸುವವರು. ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೇ ಮನಸ್ಸು ಕೊಟ್ಟ. ಬ್ಯಾಂಡಿನ ವಾದ್ಯದಲ್ಲಿ ಕರ್ನಾಟಕ ಸಂಗೀತದ ಗಮಕ ಹೊರಡಿಸುವುದು ಸುಲಭದ ಮಾತಲ್ಲ, ವರ್ಷಗಟ್ಟಲೆ ಸಾಧನೆ ಬೇಕಾಯಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯವರ ಸಂಗೀತೋತ್ಸವದಲ್ಲಿ ನುಡಿಸಿದರು, 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ತೀರಿಕೊಂಡರು. ಈಗ ನಮ್ಮ ಜಿಲ್ಲೆಯಲ್ಲಿ ಮದುವೆಯಿರಲಿ, ದೇವಸ್ಥಾನದ ಜಾತ್ರೆಯಿರಲಿ, ಸ್ಯಾಕ್ಸೋಫೋನ್ ಕೇಳಿಸಿದರೇ ಸಮಾಧಾನ. ಹೊರಗಿನಿಂದ ಬಂದ ನೆಂಟರು ಮೊದಲ ಸಲ ಕಂಡಾಗ ಬೆರಗಾಗುತ್ತಾರೆ.

"ನನ್ನ ಮದುವೆಗೆ ನಾಗಸ್ವರ, ಮಗಳ ಮದುವೆಗೆ ಸ್ಯಾಕ್ಸೋಫೋನ್" ಎಂದರು ದೊಡ್ಡಜ್ಜಿ. ಆಮೇಲೆ ಕಾಗದ ಕೇಳಿದರು. ಓದಿ ಹೇಳಿದೆ. "ಸಹಿ ನಾನೂ ಹಾಕುತ್ತೇನೆ. ಆದರೆ ಒಂದು ಸಾಲು ಸೇರಿಸಿ. ಸ್ಯಾಕ್ಸೋಫೋನ್ ಆದ ಮೇಲೆ ಶಬ್ದ ಕಡಿಮೆ ಮಾಡಲಿ." ಹಾಗೆ ಬರೆಯಲಿಕ್ಕೆ ಆಗುವುದಿಲ್ಲ ಎಂದು ಅವರಿಗೆ ವಿವರಿಸಲು ನನಗೆ ಕಾಲು ಗಂಟೆ ಬೇಕಾಯಿತು. ಕೊನೆಗೆ 'ಹಾಸಿಗೆ ಹಿಡಿದ ವೃದ್ಧರಿಗೆ' ಎಂಬುದನ್ನು ಹೊಡೆದುಹಾಕಿ, 'ಎಳೆಯ ಮಕ್ಕಳಿಗೆ' ಎಂದು ಬರೆದೆ.

ಸಂಜೆ ಕಾಗದ ಹಿಡಿದು ಮೊಮ್ಮಗಳ ಜತೆ ಪಾರ್ಕಿಗೆ ಹೋದೆ. ಗೇಟಿನ ಹೊರಗೆ ಚರುಮುರಿ ಗಾಡಿಯವನ ಎದುರು ಇಷ್ಟುದ್ದ ಸಾಲು. ಈರುಳ್ಳಿ, ಟೊಮೆಟೊ, ತೆಂಗಿನೆಣ್ಣೆ ಹಾಕಿ ಕಲಸುತ್ತಲೇ ಅವನು, "ಈ ಮೂರು ದಿನದ್ದು ನನಗೆ ಒಂದು ತಿಂಗಳ ವ್ಯಾಪಾರ ಸಾರ್" ಎಂದ. ನಾನು ಕಾಗದವನ್ನು ಕಿಸೆಯೊಳಗೆ ಇನ್ನಷ್ಟು ಕೆಳಗೆ ತಳ್ಳಿದೆ.

ಒಳಗೆ ಅಪ್ಪಂದಿರ ಹೆಗಲ ಮೇಲೆ ಮಕ್ಕಳು, ಮರದ ಬುಡದಲ್ಲಿ ಕಾಗದ ಹಾಸಿ ಕೂತ ಸಂಸಾರಗಳು. ಬುರ್ಖಾ ಹಾಕಿದ ಹುಡುಗಿಯರ ಒಂದು ಗುಂಪು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿತ್ತು. ಅಲ್ಲಿ ನಿಂತರೆ ಶಬ್ದ ಕೆಟ್ಟದೆನಿಸಲಿಲ್ಲ, ಅದೇ ಆಶ್ಚರ್ಯ. ವೇದಿಕೆಯ ಪಕ್ಕ ಧ್ವನಿ ನೋಡಿಕೊಳ್ಳುವ ಹುಡುಗನನ್ನು ಹುಡುಕಿ ಕಾಗದ ಕೊಟ್ಟೆ. ಅವನು ಓದಿ, ಜಗಳಕ್ಕೆ ಬರಲಿಲ್ಲ. "ಸಾರ್, ನಿಮಗೆ ಹಾಡು ಕೇಳುವುದಿಲ್ಲ, ಬಡಿತ ಮಾತ್ರ ಕೇಳುತ್ತದೆ, ಹೌದಾ?" ಎಂದು ಅವನೇ ಕೇಳಿದ.

ಮಕ್ಕಳೇ, ಅವನು ಹೇಳಿದ್ದನ್ನು ನೀವೂ ಕೇಳಿ. ಶಬ್ದ ಅಲೆ ಅಲೆಯಾಗಿ ಬರುತ್ತದೆ. ಕೊಳಲಿನಂಥ ಹೆಚ್ಚು ಶ್ರುತಿಯ ಶಬ್ದದ ಅಲೆ ಚಿಕ್ಕದು. ಗೋಡೆ, ಮರ ಅದನ್ನು ತಡೆಯುತ್ತವೆ. ಡ್ರಮ್ಮಿನ ತಗ್ಗು ಶಬ್ದದ ಅಲೆ ಆರೇಳು ಮೀಟರ್ ಉದ್ದ. ಅದು ಮರವನ್ನು ಬಳಸಿಕೊಂಡು ಬರುತ್ತದೆ, ಗೋಡೆಯನ್ನೂ ದಾಟುತ್ತದೆ. ಹಾಗಾಗಿ ಸ್ಪೀಕರನ್ನು ಬೇರೆ ಕಡೆ ತಿರುಗಿಸಿದರೆ ಮಾತ್ರ ಸಾಲದು, ನೆಲದಲ್ಲಿಟ್ಟ ಬಾಸ್ ಪೆಟ್ಟಿಗೆಗಳನ್ನೇ ತಗ್ಗಿಸಬೇಕು.

"ತಗ್ಗಿಸುತ್ತೇನೆ. ಹತ್ತಕ್ಕೆ ನಿಲ್ಲಿಸುವುದು ಮಾತ್ರ ನನ್ನ ಕೈಯಲ್ಲಿಲ್ಲ" ಎಂದ. ಯಾರ ಕೈಯಲ್ಲಿ ಇದೆಯೋ ಅವರಿಗೂ ಒಂದು ಪ್ರತಿ ಕೊಟ್ಟು ಬಂದೆ. ನೋಡುವ ಅಂದರು.

ಸ್ಯಾಕ್ಸೋಫೋನ್ ಏಳೂವರೆಗೆ ಶುರುವಾಯಿತು. ಮೊಮ್ಮಗಳು ಅಲ್ಲಿ ಕೂರಲೇ ಇಲ್ಲ, "ದೊಡ್ಡಜ್ಜಿ ಹತ್ತಿರ ಹೋಗುವ" ಎಂದು ಎಳೆದಳು. ಓಣಿಗೆ ಬಂದರೆ ಆಚೆ ಮನೆಯ ಕಿಟಕಿ ಎರಡೂ ಬಾಗಿಲು ತೆಗೆದಿತ್ತು. ಒಳಗೆ ದೊಡ್ಡಜ್ಜಿ ಎರಡು ದಿಂಬಿಗೆ ಒರಗಿ, ಹೊದಿಕೆಯ ಮೇಲೆ ಬೆರಳಿನಲ್ಲಿ ತಾಳ ಹಾಕುತ್ತಿದ್ದರು. ದೂರದಿಂದ ಬರುವಾಗ ಆ ಸ್ವರ ಅರ್ಧ ಗಾಳಿಗೆ ಹೋಗಿ ಅರ್ಧ ಮಾತ್ರ ಮುಟ್ಟುತ್ತಿತ್ತು. ಅವರಿಗೆ ಅಷ್ಟು ಸಾಕಾಗಿತ್ತು. ಮಗ ಮಂಚದ ಕಾಲಬುಡದಲ್ಲಿ ಕೂತಿದ್ದ.

ಒಂದು ಗಂಟೆ ಆಯಿತು. ಚಪ್ಪಾಳೆ ಕೇಳಿತು, ಆಮೇಲೆ ಯಾವುದೋ ಬ್ಯಾಂಡಿನ ಡ್ರಮ್ಮು ಶುರುವಾಯಿತು. ಹಿಂದಿನ ದಿನದಷ್ಟು ಇರಲಿಲ್ಲ, ಆದರೂ ಇತ್ತು.

"ಸಾಕು, ಇನ್ನು ಕಿಟಕಿ ಹಾಕು ಮಗಾ" ಎಂದರು ದೊಡ್ಡಜ್ಜಿ.

ಆ ರಾತ್ರಿ ಹತ್ತೂ ಹತ್ತಕ್ಕೆ ನಿಂತಿತು, ಮೂರನೆಯ ರಾತ್ರಿ ಹತ್ತಕ್ಕೆ ಸರಿಯಾಗಿ. ಎದುರು ಮನೆಯ ಮಗು ಎರಡೂ ದಿನ ಹನ್ನೊಂದರ ತನಕ ಅತ್ತಿತು. ಅದು ಸಂಗೀತಕ್ಕೋ ಹೊಟ್ಟೆನೋವಿಗೋ ಅದರ ತಾಯಿಗೇ ಗೊತ್ತಾಗಲಿಲ್ಲ. ಬೆಂಚಿನ ಸಭೆಯಲ್ಲಿ ಜಗಳ ಇನ್ನೂ ಮುಗಿದಿಲ್ಲ. ಬ್ಯಾಂಕಿನವರು ಈಗಲೂ ಹಕ್ಕಿಗಳ ಪರ.

ಮುಂದಿನ ವರ್ಷ ಹಬ್ಬದ ಸುದ್ದಿ ಬಂದಾಗ ನಾನು ಮೊದಲೇ ಕಾಗದ ಬರೆದು, ಈ ಸಲ ಮೊದಲು ದೊಡ್ಡಜ್ಜಿಯ ಮನೆಗೆ ಹೋದೆ. ಅವರು ಅಷ್ಟರಲ್ಲಿ ಕೋಲು ಹಿಡಿದು ಜಗಲಿಯ ತನಕ ಬರುತ್ತಿದ್ದರು. ಕನ್ನಡಕ ಹಾಕಿಕೊಂಡು ತಾವೇ ಪೂರ್ತಿ ಓದಿ, ಪೆನ್ನು ಕೇಳಿ, ಸಹಿಯ ಮೇಲೆ ನಡುಗುವ ಅಕ್ಷರದಲ್ಲಿ ಒಂದು ಸಾಲು ಬರೆದರು: 'ಸ್ಯಾಕ್ಸೋಫೋನ್ ಮೂರೂ ದಿನ ಇಡಬೇಕು.'