ಪುಂಜಾಲಕಟ್ಟೆಯಲ್ಲಿ ಏಳು ವಾರ

ನಮ್ಮೂರಲ್ಲಿ ದತ್ತು ಅಂತ ಹೇಳಿದ ಕೂಡಲೇ ಎದುರಿನವರ ಬಾಯಲ್ಲಿ ಬರುವ ಮಾತು ‘ಪುಣ್ಯದ ಕೆಲಸ’. ಮಗು ವಿದೇಶಕ್ಕೆ ಹೋಗುತ್ತದೆ ಅಂತ ಗೊತ್ತಾದರೆ ಅದಕ್ಕೆ ‘ಅದೃಷ್ಟ’ವೂ ಸೇರಿಕೊಳ್ಳುತ್ತದೆ. ಪುಂಜಾಲಕಟ್ಟೆ ಪೇಟೆಗೆ ಹಾಲಿಗೋ ತರಕಾರಿಗೋ ಹೋದಾಗೆಲ್ಲ ನಾನು ಇವೆರಡನ್ನೂ ಕೇಳಿಸಿಕೊಂಡು ಬರುತ್ತಿದ್ದೆ. “ಅನಾಥಾಲಯದಿಂದ ಸೀದಾ ಅಮೆರಿಕ! ಎಂಥ ಅದೃಷ್ಟ ಮಾರಾಯ್ರೆ!” ಮನೆಯಲ್ಲಿ ಆ ಅದೃಷ್ಟವಂತೆ ಮಂಚದಡಿ ಸೇರಿಕೊಂಡು ಹೊರಗೆ ಬರಲು ಒಪ್ಪುತ್ತಿರಲಿಲ್ಲ.

ಅಕ್ಕ, ಭಾವ ಇಬ್ಬರೂ ಅಮೆರಿಕದ ಪ್ರಜೆಗಳು. 2023ರಲ್ಲಿ ಅವರು ದತ್ತು ತೆಗೆದುಕೊಂಡದ್ದು ಉತ್ತರ ಕರ್ನಾಟಕದ ಒಂದು ಕೇಂದ್ರದಲ್ಲಿ ಬೆಳೆಯುತ್ತಿದ್ದ ಆರು ವರ್ಷದ ಹುಡುಗಿಯನ್ನು. ಹೆಸರು ಬರೆಯುವುದಿಲ್ಲ, ಬರೆಯಬಾರದು ಅಂತ ಕಾನೂನೇ ಇದೆ. ಎಡಗೈಯ ಎರಡು ಬೆರಳು ಹುಟ್ಟಿನಿಂದ ಕೂಡಿಕೊಂಡಿವೆ. ಅಷ್ಟಕ್ಕೇ ಅವಳ ಫೈಲಿನಲ್ಲಿ ‘ವಿಶೇಷ ಅಗತ್ಯವುಳ್ಳ ಮಗು’ ಅಂತ ಬರೆದಿತ್ತು.

ಯಾವ ಮಕ್ಕಳು ಹೊರದೇಶಕ್ಕೆ ಹೋಗುತ್ತಾರೆ ಅನ್ನುವುದು ಆಕಸ್ಮಿಕ ಅಲ್ಲ. 1982ರಲ್ಲಿ ಲಕ್ಷ್ಮೀಕಾಂತ ಪಾಂಡೆ ಅನ್ನುವ ವಕೀಲರು ವಿದೇಶಿ ದತ್ತುಗಳ ಹೆಸರಲ್ಲಿ ನಡೆಯುತ್ತಿದ್ದ ಅವ್ಯವಹಾರಗಳ ಬಗ್ಗೆ ಸುಪ್ರೀಂ ಕೋರ್ಟಿಗೆ ಪತ್ರ ಬರೆದರು. 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ತೀರ್ಪು ಬಂತು: ಮೊದಲು ದೇಶದ ಒಳಗೇ ಮನೆ ಹುಡುಕಿ, ಸಿಗದಿದ್ದರೆ ಮಾತ್ರ ಹೊರಗೆ. 1990ರಲ್ಲಿ ಕಾರಾ ಹುಟ್ಟಿಕೊಂಡಿತು, 2003ರಲ್ಲಿ ಭಾರತ ಹೇಗ್ ಒಪ್ಪಂದಕ್ಕೆ ಸೇರಿತು. ನಿಯಮ ಒಳ್ಳೆಯದೇ. ಆದರೆ ನಾವು ‘ಮೊದಲು’ ಯಾರನ್ನು ಆರಿಸಿಕೊಳ್ಳುತ್ತೇವೆ ನೋಡಿ. ನನ್ನ ಆಫೀಸಿನಲ್ಲೇ ಎರಡು ಜೋಡಿ ಕಾರಾದ ಸರದಿಯಲ್ಲಿದ್ದಾರೆ. ಇಬ್ಬರಿಗೂ ಬೇಕಾದದ್ದು ಎರಡು ವರ್ಷದ ಒಳಗಿನ, ಯಾವ ತೊಂದರೆಯೂ ಇಲ್ಲದ ಮಗು. ಅದಕ್ಕೆ ವರ್ಷಗಟ್ಟಲೆ ಕಾಯಲು ತಯಾರು. ಅದೇ ಹೊತ್ತಿಗೆ ಐದು ದಾಟಿದವರು, ಜೊತೆಗೆ ತಮ್ಮನೋ ತಂಗಿಯೋ ಇರುವವರು, ವೈದ್ಯಕೀಯ ವರದಿಯಲ್ಲಿ ಏನಾದರೂ ಒಂದು ಸಾಲು ಇರುವವರು ಪಕ್ಕದ ಸಾಲಿನಲ್ಲಿ ಕೂತಿರುತ್ತಾರೆ. ಎರಡು ಬೆರಳಿಗಾಗಿ ನಾವು ಬಿಟ್ಟುಕೊಟ್ಟ ಮಗುವನ್ನು ಬೇರೆಯವರು ಕರೆದುಕೊಂಡು ಹೋದಾಗ ಅದೃಷ್ಟ ಅನ್ನುವುದು ನನಗಂತೂ ಸರಿ ಕಾಣುವುದಿಲ್ಲ.

ಇರಲಿ. ಕಾರಾದ ನಿರಾಕ್ಷೇಪಣಾ ಪತ್ರ ಸಿಕ್ಕಿದ ಮೇಲೆ, ದತ್ತು ಆದೇಶ ಬರುವ ಮುಂಚೆಯೇ ಮಗುವನ್ನು ಜೊತೆಗೆ ಇಟ್ಟುಕೊಳ್ಳಬಹುದು. ದೇಶ ಬಿಡುವ ಹಾಗಿಲ್ಲ. 2022ರ ಸೆಪ್ಟೆಂಬರಿನಿಂದ ಈ ಆದೇಶ ಕೊಡುವುದು ಕೋರ್ಟಲ್ಲ, ಜಿಲ್ಲಾಧಿಕಾರಿ. ಆಮೇಲೆ ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ದೆಹಲಿಯ ಅಮೆರಿಕ ರಾಯಭಾರ ಕಚೇರಿಯಲ್ಲಿ ವೀಸಾ. ಇಷ್ಟಕ್ಕೆ ಏಳು ವಾರ ಹಿಡಿಯಿತು. ಭಾವ ಎರಡು ವಾರ ಇದ್ದು ಕೆಲಸಕ್ಕೆ ವಾಪಸ್ ಹೋದರು. ನಾನು ಬೆಂಗಳೂರಿನಿಂದ ಲ್ಯಾಪ್‌ಟಾಪ್ ಹೊತ್ತುಕೊಂಡು ಊರಿಗೆ ಬಂದೆ, ಹೆಸರಿಗೆ ವರ್ಕ್ ಫ್ರಮ್ ಹೋಮ್.

ಭಾಷೆಯದ್ದೇ ದೊಡ್ಡ ಪಜೀತಿ. ನಮ್ಮ ಮನೆಮಾತು ತುಳು. ಹುಡುಗಿಗೆ ಬರುವುದು ಉತ್ತರ ಕರ್ನಾಟಕದ ಕನ್ನಡ. ಅಕ್ಕ ಆಡುವುದು ಶಾಲೆಯಲ್ಲಿ ಕಲಿತ ಪುಸ್ತಕದ ಕನ್ನಡ, ಅದೂ ಹದಿನೈದು ವರ್ಷ ಬಳಸದೆ ತುಕ್ಕು ಹಿಡಿದದ್ದು. ಅಮ್ಮ “ವಣಸ್ ಆಂಡಾ ಬಾಲೆ?” ಅಂತ ಕೇಳಿದರೆ ಅವಳು ನನ್ನ ಕಡೆ ತಿರುಗಿ “ಅಜ್ಜಿ ಏನ್ ಅನ್ನಾಕತ್ತಾಳ?” ಅನ್ನುತ್ತಿದ್ದಳು. ಬೆಂಗಳೂರಿನ ಟೀಮಿನಲ್ಲಿ ಬಾಗಲಕೋಟೆಯ ಗೆಳೆಯನ ಪಕ್ಕ ನಾಲ್ಕು ವರ್ಷ ಕೂತದ್ದರಿಂದ ನನಗೆ ಅಷ್ಟಿಷ್ಟು ಅರ್ಥ ಆಗುತ್ತಿತ್ತು. ಹಾಗೆ ನಾನು ದುಭಾಷಿ ಆದೆ.

ಮೂರನೇ ದಿನ ಅವಳ ದಿಂಬಿನಡಿ ಎರಡು ನೀರುದೋಸೆ, ಒಂದು ಗೋಳಿಬಜೆ ಸಿಕ್ಕಿತು, ಇರುವೆ ಸಮೇತ. ಅಮ್ಮ ಗದರಲು ಹೊರಟಳು. ಅಕ್ಕ ತಡೆದಳು. ಅಮೆರಿಕದಲ್ಲಿ ಹೀಗೆ ದತ್ತು ತೆಗೆದುಕೊಳ್ಳುವ ಅಪ್ಪ ಅಮ್ಮಂದಿರಿಗೆ ಕನಿಷ್ಠ ಹತ್ತು ಗಂಟೆಯ ತರಬೇತಿ ಕಡ್ಡಾಯ. (ಹೆತ್ತವರಿಗೆ ಯಾಕೆ ಇಲ್ಲವೋ!) ಅಲ್ಲಿ ಅವಳಿಗೆ ಮೊದಲೇ ಹೇಳಿದ್ದರಂತೆ: ಊಟ ಬಚ್ಚಿಡುವ ಮಗುವಿಗೆ ಬೈಯಬೇಡಿ, ನಾಳೆಯೂ ಊಟ ಇರುತ್ತದೆ ಅಂತ ಅದಕ್ಕೆ ನಂಬಿಕೆ ಬರುವ ತನಕ ಕಾಯಿರಿ. ಅಮ್ಮ ಅರ್ಧ ಒಪ್ಪಿದಳು. ಒಂದು ಸ್ಟೀಲಿನ ಡಬ್ಬಿಗೆ ಚಕ್ಕುಲಿ, ಬಿಸ್ಕೆಟ್ ತುಂಬಿಸಿ ಅಡುಗೆಮನೆಯ ಕೆಳಗಿನ ಶೆಲ್ಫಿನಲ್ಲಿಟ್ಟಳು. “ಇದು ನಿಂದು. ಯಾರೂ ಮುಟ್ಟುವುದಿಲ್ಲ.” ರಾತ್ರಿ ಎರಡು ಗಂಟೆಗೆ ನಾನು ಕಾಲ್ ಮುಗಿಸಿ ಏಳುವಾಗ ಎಷ್ಟೋ ಸಲ ಆ ಡಬ್ಬಿಯ ಮುಚ್ಚಳದ ಸದ್ದು ಕೇಳುತ್ತಿತ್ತು. ತಿನ್ನುತ್ತಿರಲಿಲ್ಲ, ಬರೀ ತೆರೆದು ನೋಡುವುದು.

ಒಂದು ಸಂಜೆ ಅವಳನ್ನು ಕಾರಿಂಜಕ್ಕೆ ಕರೆದುಕೊಂಡು ಹೋಗಿದ್ದೆವು. ಅಕ್ಕ ಮುಂದೆ ನಡೆಯುತ್ತಿದ್ದಳು. ಮಂಗಗಳ ಹೆದರಿಕೆಗೆ ನನ್ನ ಬೆರಳು ಹಿಡಿದುಕೊಂಡಿದ್ದವಳು ಮೆಟ್ಟಿಲ ಮೇಲೆ ನಿಂತು ಕೇಳಿದಳು: “ಮಾಮಾ, ನಾ ಶಾಣ್ಯಾ ಇರಲಿಲ್ಲಂದ್ರ ಹೊಳ್ಳಿ ಕಳಸ್ತೀರೇನು?”

ಇಲ್ಲ ಅಂದೆ. ಅಕ್ಕನೂ ಇಲ್ಲ ಅಂದಳು. ಮರುದಿನ ಮತ್ತೆ ಕೇಳಿದಳು. ಅದೃಷ್ಟ ಅನ್ನುವವರಿಗೆ ಕಾಣದ್ದು ಇದೇ ಇರಬೇಕು. ಆ ಕೇಂದ್ರದಲ್ಲಿ ಅವಳಿಗೆ ಜಡೆ ಹಾಕುವ ಆಯಾ ಇದ್ದಳು, ಪಕ್ಕದ ಹಾಸಿಗೆಯಲ್ಲಿ ಗೆಳತಿ ಇದ್ದಳು. ಆರು ವರ್ಷದಲ್ಲಿ ಅವಳಿಗೆ ಇದ್ದದ್ದೇ ಅಷ್ಟು. ಅಷ್ಟನ್ನೂ ಒಂದು ಬೆಳಿಗ್ಗೆ ಬಿಟ್ಟು, ಗುರುತಿಲ್ಲದವರ ಕಾರು ಹತ್ತಿದ್ದಾಳೆ. ಅಕ್ಕ ಹೊರಡುವ ಮುಂಚೆ ಆ ಕೋಣೆಯ, ಹಾಸಿಗೆಯ, ಆಯಾಳ ಫೋಟೋ ತೆಗೆದುಕೊಂಡಿದ್ದಳು. ಆಯಾಳ ದನಿಯನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಹದಿನೆಂಟು ತುಂಬಿದ ಮೇಲೆ ತನ್ನ ಮೂಲ ಹುಡುಕಲು ಅವಳೇ ಅರ್ಜಿ ಹಾಕಬಹುದು, ಬೇರೆ ಯಾರೂ ಅವಳ ಪರವಾಗಿ ಹುಡುಕುವ ಹಾಗಿಲ್ಲ. ಆಗ ಫೈಲು ಎಷ್ಟು ತೆಳ್ಳಗಿದ್ದರೂ ಈ ಫೋಟೋಗಳಾದರೂ ಇರುತ್ತವೆ.

ಊರಿನ ನಿಜವಾದ ಪ್ರಶ್ನೆ ಬಂದದ್ದು ದೊಡ್ಡಮಾವನಿಂದ. ಅಮ್ಮನ ಅಣ್ಣ, ಕುಟುಂಬದ ಯಜಮಾನರು. ನಮ್ಮದು ಅಳಿಯಕಟ್ಟು. ನನ್ನ ಮಕ್ಕಳು ಹೆಂಡತಿಯ ಬರಿಗೆ ಸೇರಿದವರು. ಅಮ್ಮನ ಬರಿ ಮುಂದುವರಿಯಬೇಕಾದರೆ ಅದು ಅಕ್ಕನ ಮಗಳಿಂದಲೇ. “ಇವಳದ್ದು ಯಾವ ಬರಿ ಅಂತ ಹೇಳುವುದು?” ಅಂತ ದೊಡ್ಡಮಾವ ಕೇಳಿದರು. ಕೆಟ್ಟ ಮನಸ್ಸಿನಿಂದಲ್ಲ.

ಅಮ್ಮ ತಲೆ ಎತ್ತದೆ ಬಸಳೆ ಸೋಸುತ್ತಲೇ ಹೇಳಿದಳು, “ಬರಿ ತಾಯಿಯದ್ದಲ್ವಾ ಅಣ್ಣಾ? ತಾಯಿ ಅಲ್ಲೇ ಕೂತಿದ್ದಾಳಲ್ಲ.”

ಅಳಿಯಕಟ್ಟಿನಲ್ಲಿ ಹೆಣ್ಣು ಸಂತತಿ ನಿಂತುಹೋದರೆ ಹೆಣ್ಣುಮಗುವನ್ನೇ ದತ್ತು ತೆಗೆದುಕೊಳ್ಳುವ ಕ್ರಮ ಹಿಂದಿನಿಂದಲೂ ಇತ್ತು. ಉಳಿದ ಹಿಂದೂ ಕುಟುಂಬಗಳಿಗೆ ಹೆಣ್ಣುಮಕ್ಕಳ ದತ್ತಕವನ್ನು ಕಾನೂನು ಸಾಮಾನ್ಯವಾಗಿ ಮಾನ್ಯ ಮಾಡಿದ್ದು 1956ರಲ್ಲಿ. ಇದನ್ನು ನಾನು ದೊಡ್ಡಮಾವನಿಗೆ ಹೇಳಿದೆ. “ಅದು ಗೊತ್ತಿದ್ದ ಮನೆಯ ಮಗು ಮಾರಾಯ,” ಅಂದರು. ಅದೂ ನಿಜವೇ. ಆ ತಿಂಗಳು ದೈವಗಳಿಗೆ ತಂಬಿಲ ಇತ್ತು. ದೊಡ್ಡಮಾವ ಮಕ್ಕಳಿಗೆಲ್ಲ ಗಂಧ ಪ್ರಸಾದ ಕೊಟ್ಟು ಕೊನೆಗೆ ಇವಳನ್ನೂ ಕರೆದು ಕೊಟ್ಟರು. ಕೊನೆಗೆ ಕರೆದದ್ದು ಅವಳು ಹಿಂದೆ ನಿಂತಿದ್ದಳು ಅಂತಲೋ, ಬೇರೆ ಕಾರಣಕ್ಕೋ, ನಾನು ಕೇಳಲಿಲ್ಲ.

ಅಕ್ಕನಿಗಿದ್ದ ಚಿಂತೆ ಬೇರೆ, ಕಾಗದದ್ದು. ಮುಂಬೈಯಿಂದ 1989ರಲ್ಲಿ ದತ್ತು ಹೋದ ಹುಡುಗಿಯೊಬ್ಬಳನ್ನು ಅಮೆರಿಕ 2008ರಲ್ಲಿ ಗಡೀಪಾರು ಮಾಡಿತ್ತು. ಅವಳ ಪೌರತ್ವದ ಕಾಗದ ಯಾರೂ ಪೂರ್ತಿ ಮಾಡಿಸಿರಲೇ ಇಲ್ಲ. ಮದುವೆಯಾಗಿ ಮಕ್ಕಳಿದ್ದವಳು, ಭಾಷೆಯೂ ಗೊತ್ತಿಲ್ಲದ ಊರಿಗೆ ಒಬ್ಬಳೇ ಬಂದು ಬಿದ್ದಳು. 2000ದಲ್ಲಿ ಆದ ಕಾಯ್ದೆಯಿಂದಾಗಿ ಈಗ ಇವಳಂಥ ಮಕ್ಕಳು ಅಲ್ಲಿ ಇಳಿದು ಪ್ರವೇಶ ಪಡೆದ ಕೂಡಲೇ ಅಮೆರಿಕದ ಪ್ರಜೆ. ಗೊತ್ತಿದ್ದರೂ ಅಕ್ಕ ಪ್ರತಿ ಕಾಗದಕ್ಕೂ ಮೂರು ಮೂರು ಜೆರಾಕ್ಸ್ ಮಾಡಿಸಿದಳು, ಒಂದು ಸೆಟ್ ಅಮ್ಮನ ಕಪಾಟಿನಲ್ಲಿದೆ.

ಹೋದ ಮೇಲೆ ಎರಡು ವರ್ಷ ಅಲ್ಲಿಂದ ವರದಿ ಬರುತ್ತಿರಬೇಕು, ಮೊದಲ ವರ್ಷ ಮೂರು ತಿಂಗಳಿಗೊಂದು, ಎರಡನೇ ವರ್ಷ ಆರು ತಿಂಗಳಿಗೊಂದು. ಬೆರಳಿನ ಆಪರೇಶನ್ ಆಗಿದೆ. ಇಂಗ್ಲಿಷ್ ಬೇಗ ಬಂತು, ತುಳುವೂ ಬರುತ್ತಿದೆ. ಹೋಗುತ್ತಿರುವುದು ಅವಳ ಕನ್ನಡ. ಅದಕ್ಕೆ ಬಾಗಲಕೋಟೆಯ ಗೆಳೆಯನನ್ನು ಹಿಡಿದು ಹಾಕಿದ್ದೇನೆ. ಭಾನುವಾರ ಬೆಳಿಗ್ಗೆ ಅವನು ಅರ್ಧ ಗಂಟೆ ವಾಟ್ಸಾಪಿನಲ್ಲಿ ಅವಳ ಹತ್ತಿರ ಹರಟುತ್ತಾನೆ. ಕೆಲವು ಸಲ ಅವಳು ಐದೇ ನಿಮಿಷಕ್ಕೆ ಎದ್ದು ಹೋಗುತ್ತಾಳೆ, ಕೆಲವು ಸಲ ಅವನು ನಿದ್ದೆಯಿಂದ ಏಳುವುದಿಲ್ಲ.

ಮೇ ತಿಂಗಳಿಗೆ ಟಿಕೆಟ್ ಆಗಿದೆ. ಮೊನ್ನೆ ಫೋನಿನಲ್ಲಿ ಅಮ್ಮನನ್ನು ಕೇಳಿದಳಂತೆ, ಡಬ್ಬಿ ಅಲ್ಲೇ ಉಂಟಾ ಅಂತ. ಉಂಟು ಅಂದಿದ್ದಾಳೆ ಅಮ್ಮ. ಹೋದ ತಿಂಗಳು ಅದಕ್ಕೆ ಸಾಸಿವೆ ತುಂಬಿಸಿದ್ದಳು. ಅದನ್ನು ಬೇರೆ ಬಾಟ್ಲಿಗೆ ಸುರಿದು, ಡಬ್ಬಿ ತೊಳೆದು ಬಿಸಿಲಿಗೆ ಇಟ್ಟಿದ್ದಾಳೆ.