ಸೊಬಗು, ಸೋಬಾನ, ಸೌಭಾಗ್ಯ

ಹಳಗನ್ನಡ ಕಾವ್ಯಗಳಲ್ಲಿ ಚೆಲುವನ್ನು ಹೇಳುವ ಪದಗಳಿಗೆ ಬಡತನವಿಲ್ಲ. ಚೆಲ್ವು, ಬೆಡಂಗು, ಅಂದ, ಸೊಬಗು ಇವೆಲ್ಲ ಒಂದೇ ಅರ್ಥದ ಬೇರೆ ಬೇರೆ ರೂಪಗಳಲ್ಲ. ‘ಸೊಬಗು’ ಎಂಬುದು ‘ಸುಭಗ’ದ ತದ್ಭವ, ‘ಸೌಭಾಗ್ಯ’ವೂ ಅದೇ ಮೂಲದ್ದು. ಎಂದರೆ, ಈ ಪದದಲ್ಲಿ ಚೆಲುವಿಗೂ ಭಾಗ್ಯಕ್ಕೂ ಬೇರು ಒಂದೇ.

ಎಲ್ಲ ಸಂಸ್ಕೃತಿಗಳೂ ಹೀಗೆ ಭಾವಿಸಿಲ್ಲ. ಚೀನೀ ಮೂಲದಿಂದ ವಿಯೆಟ್ನಾಮಿಗೆ ಬಂದ ನುಡಿಗಟ್ಟೊಂದು, ಕೆಂಪು ಕೆನ್ನೆಯವಳ ಹಣೆಬರಹ ತೆಳುವೆನ್ನುತ್ತದೆ. ನುಯೆನ್ ಜೂ (1765–1820) ಕವಿಯ ಕಿಯು, ತಂದೆಯನ್ನು ಉಳಿಸಲು ತನ್ನನ್ನೇ ಮಾರಿಕೊಂಡು ಹದಿನೈದು ವರ್ಷ ಬವಣೆಪಡುವ ಚೆಲುವೆ. ಅಲ್ಲಿ ಚೆಲುವು ಭಾಗ್ಯಕ್ಕೆ ಎದುರಾಳಿ.

ಕನ್ನಡದ ಪದ ಮೇಲುನೋಟಕ್ಕೆ ಹೆಚ್ಚು ಉದಾರವೆನಿಸುತ್ತದೆ. ಆದರೆ ‘ಸೌಭಾಗ್ಯವತಿ’ ಎಂದರೆ ಗಂಡನುಳ್ಳವಳು. ಈ ಅರ್ಥದ ಭಾರವನ್ನು ನಾನು ತಿಳಿದದ್ದು ನಿಘಂಟಿನಿಂದಲ್ಲ, ಮದುವೆಯ ಹಂದರಗಳಲ್ಲಿ. ದೇವದುರ್ಗ, ಮಾನ್ವಿ ಸೀಮೆಯ ಹಳ್ಳಿಗಳಲ್ಲಿ ಸೋಬಾನದ ಹಾಡುಗಳನ್ನು ಸಂಗ್ರಹಿಸುವಾಗ ನನಗೆ ದೊಡ್ಡ ಆಕರವಾದವರು ನಮ್ಮ ದೊಡ್ಡವ್ವ. ಮೂವತ್ತಕ್ಕೇ ಗಂಡನನ್ನು ಕಳೆದುಕೊಂಡವರು. ಸುರಗಿ ಸುತ್ತುವಾಗ ಮುತ್ತೈದೆಯರು ನುಡಿ ಮರೆತರೆ ಒಳಕೋಣೆಯಿಂದ ಎತ್ತಿಕೊಡುವವರು ಅವರೇ. ಮುಂದೆ ಬಂದು ಹಾಡಬಾರದೇಕೆ ಎಂದು ಕೇಳಿದೆ. “ಹಾಡು ನಂದ ಅದವ್ವ, ಹಂದರ ನಂದಲ್ಲ” ಎಂದರು. ‘ಶೋಭನ’ದಿಂದ ಬಂದ ಸೋಬಾನವನ್ನು ಉಳಿಸಿದ ಕಂಠಕ್ಕೇ ಶೋಭನದಲ್ಲಿ ಸ್ಥಾನವಿರಲಿಲ್ಲ.

ಈ ಹಿನ್ನೆಲೆಯಲ್ಲಿ ಹನ್ನೆರಡನೆಯ ಶತಮಾನದ ಅಕ್ಕಮಹಾದೇವಿಯ ಅಂಕಿತವನ್ನು ಮತ್ತೆ ಓದಬೇಕೆನಿಸುತ್ತದೆ. ಚೆನ್ನಮಲ್ಲಿಕಾರ್ಜುನನಲ್ಲಿಯ ‘ಚೆನ್ನ’ ಎಂದರೆ ಚೆಲುವ. ಸಾವಿಲ್ಲದ ಚೆಲುವನನ್ನು ವರಿಸಿದೆನೆಂದು ಆಕೆ ಹೇಳುವಾಗ, ಅದನ್ನು ಭಕ್ತಿಯ ರೂಪಕವೆಂದಷ್ಟೇ ವಿವರಿಸಿದರೆ ಸಾಲದು. ಗಂಡನ ಆಯುಷ್ಯಕ್ಕೆ ಕಟ್ಟಿಹಾಕಿದ್ದ ಸೊಬಗನ್ನು ಆಕೆ ಅಲ್ಲಿಂದ ಬಿಡಿಸಿದಳು. ವೈಧವ್ಯ ಮುಟ್ಟಲಾಗದ ಸೌಭಾಗ್ಯವೊಂದನ್ನು ಕಲ್ಪಿಸಿದಳು.

ಜನಪದ ಸಂಗ್ರಹಗಳಲ್ಲಿ ಸೋಬಾನವನ್ನು ‘ಮುತ್ತೈದೆಯರ ಹಾಡು’ ಎಂದು ವರ್ಗೀಕರಿಸುವಾಗ ಆಚರಣೆಯ ನಿಷೇಧವನ್ನೇ ನಾವು ಪರಿಭಾಷೆಯಾಗಿ ಒಪ್ಪಿದಂತಾಗುತ್ತದೆ. ಹಾಡು ಯಾರ ಬಾಯಲ್ಲಿ ಸಲ್ಲುತ್ತದೆ ಎಂಬುದು ಒಂದು ಪ್ರಶ್ನೆ, ಯಾರ ನೆನಪಿನಲ್ಲಿ ಉಳಿದಿದೆ ಎಂಬುದು ಇನ್ನೊಂದು. ಎರಡನೆಯದನ್ನೂ ದಾಖಲಿಸುವುದು ಸಂಶೋಧಕರ ಹೊಣೆ. ರಾಯಚೂರಿನಲ್ಲಿ ಕುಳಿತು ಹಾಡುಗಳನ್ನು ಲಿಪ್ಯಂತರಿಸುತ್ತಿರುವ ಈಗ, ‘ಹಾಡಿದವರು’ ಎಂಬುದರ ಪಕ್ಕದಲ್ಲಿ ‘ಎತ್ತಿಕೊಟ್ಟವರು’ ಎಂಬ ಇನ್ನೊಂದು ಅಂಕಣವನ್ನು ಹಾಕಿಕೊಂಡಿದ್ದೇನೆ.