ಎದುರು ಪಾಳೆಯಕ್ಕೆ ಹೋದವನು

2012ರ ಜುಲೈಯಲ್ಲಿ ರೇ ಆಲನ್ ಬಾಸ್ಟನ್ ಸೆಲ್ಟಿಕ್ಸ್ ಬಿಟ್ಟು ಮಯಾಮಿ ಹೀಟ್ ಬ್ಯಾಸ್ಕೆಟ್‌ಬಾಲ್ ತಂಡ ಸೇರಿದಾಗ ಅವನಿಗೆ ಮೂವತ್ತೇಳು ತುಂಬುತ್ತಿತ್ತು. ಬಾಸ್ಟನ್ನಿನಲ್ಲಿ ಐದು ಋತು ಆಡಿ, 2008ರ ಪ್ರಶಸ್ತಿಯಲ್ಲಿ ಪಾಲು ಪಡೆದವನು. ಕೆಲವೇ ವಾರಗಳ ಹಿಂದೆ ಬಾಸ್ಟನ್ನನ್ನು ಏಳು ಪಂದ್ಯಗಳ ಸರಣಿಯಲ್ಲಿ ಸೋಲಿಸಿದ್ದುದು ಇದೇ ಮಯಾಮಿ. ಹಳೆಯ ತಂಡ ಹೆಚ್ಚು ಹಣ ಕೊಡಲು ಮುಂದಾದರೂ ಆಲನ್ ನಿಲ್ಲಲಿಲ್ಲ. ಅಕ್ಟೋಬರ್ 30ರಂದು ಹಳೆಯ ಗೆಳೆಯರ ಎದುರು ಆಡಲು ಬಂದಾಗ ಕೆವಿನ್ ಗಾರ್ನೆಟ್‌ನ ಹೆಗಲು ಮುಟ್ಟಿದ. ಗಾರ್ನೆಟ್ ತಿರುಗಿಯೂ ನೋಡಲಿಲ್ಲ.

ಇಂಥವರನ್ನು ದ್ರೋಹಿಗಳೆನ್ನಲು ಅಭಿಮಾನಿಗಳಾದ ನಾವು ತಡಮಾಡುವುದಿಲ್ಲ. ಆದರೆ ಮರುವರ್ಷವೇ ಬಾಸ್ಟನ್ ಆಡಳಿತ ಗಾರ್ನೆಟ್ ಮತ್ತು ಪಾಲ್ ಪಿಯರ್ಸ್ ಇಬ್ಬರನ್ನೂ ಬ್ರೂಕ್ಲಿನ್ ನೆಟ್ಸ್‌ಗೆ ಒಪ್ಪಿಸಿತು. ತಂಡವು ಆಟಗಾರನನ್ನು ಕಳಿಸಿದರೆ ವ್ಯವಹಾರ. ಆಟಗಾರ ತಾನಾಗಿ ಹೊರಟರೆ ದ್ರೋಹ. ವರ್ಗಾವಣೆಯ ಆದೇಶದ ಮೇಲೆ ಊರು ಬಿಟ್ಟವನನ್ನು ಯಾರೂ ದೂರುವುದಿಲ್ಲ, ಇಷ್ಟಪಟ್ಟು ಹೊರಟವನನ್ನು ದೂರುತ್ತಾರೆ ಎಂಬುದನ್ನು ಹೊರನಾಡಿನ ನಾವೂ ಬಲ್ಲೆವು.

ಹಾಗೆಂದು ಗಾರ್ನೆಟ್‌ನ ಮುನಿಸನ್ನು ತಳ್ಳಿಹಾಕಲಾರೆವು. ಅವನು ತಂಡದ ಮಾಲೀಕನಲ್ಲ, ಒಡನಾಡಿ. ಆಟಗಾರನ ಕರಾರಿಗೆ ಅವಧಿಯುಂಟು. ಒಡನಾಟಕ್ಕೆ ಅಂಥ ಅವಧಿಯಿಲ್ಲ.

2013ರ ಜೂನ್ 18ರಂದು, ಅಂತಿಮ ಸರಣಿಯ ಆರನೆಯ ಪಂದ್ಯದಲ್ಲಿ, ಐದು ಸೆಕೆಂಡುಗಳು ಉಳಿದಿರುವಾಗ ಆಲನ್ ಹಿಂದೆ ಸರಿಯುತ್ತಾ ಮೂಲೆಗೆ ಹೋಗಿ ಮೂರು ಅಂಕದ ಎಸೆತ ಹಾಕಿ ಸ್ಕೋರನ್ನು ಸರಿಗಟ್ಟಿದ. ಮಯಾಮಿ ಆ ಪಂದ್ಯವನ್ನೂ ಮುಂದಿನದನ್ನೂ ಗೆದ್ದು ಪ್ರಶಸ್ತಿ ಪಡೆಯಿತು. ಹೋದವನ ನಿರ್ಧಾರವನ್ನು ಗೆಲುವು ಸಮರ್ಥಿಸಿತು. ಮುನಿಸು ಮಾತ್ರ ಉಳಿಯಿತು.

2022ರ ಮಾರ್ಚ್‌ನಲ್ಲಿ ಬಾಸ್ಟನ್ನಿನವರು ಗಾರ್ನೆಟ್‌ನ ಅಂಗಿಯ ಸಂಖ್ಯೆಯನ್ನು ಗೌರವಪೂರ್ವಕ ಮೇಲೇರಿಸಿದಾಗ ಆಲನ್ ಸಭಿಕರ ನಡುವೆ ಇದ್ದ. ಗಾರ್ನೆಟ್ ಅವನನ್ನು ಅಪ್ಪಿಕೊಂಡ. ಅಷ್ಟಕ್ಕೆ ಹತ್ತು ವರ್ಷ ಹಿಡಿಯಿತು.